ಯಾರೂ ಕೂರದ ಮನೆ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನಮ್ಮ ಸೋದರತ್ತೆ. ಅಪ್ಪನ ಅಕ್ಕ, ಬಂಗಾರಪೇಟೆಯಲ್ಲಿ ಮನೆ. ಯಾವುದೋ ಮದುವೆಗೆ ಕರೆಯಲು ಬಂದವರು ಕೂರಲು ಜಾಗ ಹುಡುಕುತ್ತಾ ನಮ್ಮ ಮೂರೂ ಕೋಣೆ ಸುತ್ತಿ ಬಂದರು. ಕುರ್ಚಿಯ ಮೇಲೆ ಬಿಚ್ಚಿದ ಫ್ಯಾನ್ ಮೋಟರು, ಮಂಚದ ಮೇಲೆ ಸುರುಳಿ ಸುತ್ತಿದ ತಾಮ್ರದ ಪೈಪು, ಬೆಂಚಿನ ಮೇಲೆ ಅಜ್ಜಿ ಹರವಿದ ಹುಣಸೆಹಣ್ಣು. ಕೊನೆಗೆ ಬಾಗಿಲಿಗೆ ಒರಗಿ ನಿಂತುಕೊಂಡೇ ಕಾಫಿ ಕುಡಿದರು. ನಾನು ಬಿಕಾಂಗೆ ಸೇರಿದ ಸುದ್ದಿ ಆಗಷ್ಟೇ ಅವರ ಕಿವಿಗೆ ಬಿದ್ದಿತ್ತು.

"ಲೇ ನಾರಾಯಣ, ನಿಮ್ಮನೇಲಿ ಒಬ್ರಾದ್ರೂ ಒಂದ್ ಗಳಿಗೆ ಕೂತಿದ್ದು ನಾನು ನೋಡಿಲ್ಲ. ಉಣ್ಣಾಕೂ ನಿಂತ್ಕಂಡೇ ಉಣ್ತೀರ. ಇಂಥಾ ಮನೇಲಿ ಈ ಉಡುಗಿ ಕೂತ್ಕಂಡು ಓದಿ ಡಿಗ್ರಿ ಮಾಡ್ತಾಳಂತೆ. ಆಗೋ ಮಾತು ಏಳಪ್ಪಾ!"

"ಓದ್ತಾಳೆ ಬಿಡಕ್ಕ," ಎಂದರು ಅಪ್ಪ.

"ನಮ್ಮ ವಂಸದಲ್ಲಿ ಯಾರೂ ಆಗಿಲ್ಲ. ಇವಳ ಕೈಲೂ ಆಗಕಿಲ್ಲ. ಬರಕೊಡ್ತೀನಿ ಬೇಕಾರೆ."

"ನಿಂಗೆ ಬರ್ಯಾಕೆಲ್ಲಿ ಬತ್ತದಕ್ಕ?" ಎಂದು ಒಳಗಿನಿಂದ ಅಮ್ಮ ಅಂದದ್ದು ಅತ್ತೆಗೆ ಕೇಳಿಸಿತೋ ಇಲ್ಲವೋ.

ಅತ್ತೆಯ ಮಾತಿನ ಹಿಂದೆ ಅವರ ಮಗ ಇದ್ದ. ಕೆಟ್ಟವನೇನಲ್ಲ. ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ, ಬೀಡಿ ಕೂಡ ಸೇದುತ್ತಿರಲಿಲ್ಲ. ಆದರೆ ನನಗೆ ಅವನೂ ಬೇಕಿರಲಿಲ್ಲ, ಹಸುಗಳೂ ಬೇಕಿರಲಿಲ್ಲ. ಅಕ್ಕನಿಗೆ ಎದುರಾಡಲಾರದೆ, ಮಗಳ ಮುಖವನ್ನೂ ನೋಡಲಾರದೆ ಅಪ್ಪ ಒಂದು ಕಾಲನ್ನು ಹೊಸ್ತಿಲಾಚೆ ಇಟ್ಟುಕೊಂಡು, ಕೈಯಲ್ಲಿ ಫೋನು ಬಡಿದುಕೊಳ್ಳುತ್ತಿರುವಾಗಲೇ ತೀರ್ಮಾನ ಹೇಳಿದರು. ಮಂಜುಳ, ಅಂದರೆ ನಾನು, ಎಲ್ಲ ಪರೀಕ್ಷೆಯನ್ನೂ ಒಂದೇ ಸಲಕ್ಕೆ ಪಾಸು ಮಾಡಿದರೆ ಮುಂದಿನದು ಅವಳಿಷ್ಟ. ಒಂದು ಸಬ್ಜೆಕ್ಟ್ ಹೋದರೂ ಓದು ಅಲ್ಲಿಗೆ ನಿಂತಿತು, ಬಂಗಾರಪೇಟೆಗೆ ಸೊಸೆ. ನಮ್ಮ ಮನೆಯ ದೊಡ್ಡ ತೀರ್ಮಾನಗಳೆಲ್ಲ ಹೀಗೆ, ಯಾರೋ ಹೊರಡುವ ಅವಸರದಲ್ಲಿರುವಾಗ ಆಗುತ್ತಿದ್ದವು.

ರಾಬರ್ಟ್‌ಸನ್‌ಪೇಟೆಯ ಹಿಂದಿನ ಬೀದಿಯಲ್ಲಿ, ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಮೂರು ಕೋಣೆ, ಕೊನೆಯಲ್ಲಿ ತಗಡು ಹೊದಿಸಿದ ಹಿತ್ತಲು. ಅದು ನಮ್ಮ ಮನೆ. ಅಪ್ಪ ಕಾಮಸಮುದ್ರದ ಕಡೆಯ ಹೊಲ ಬಿಟ್ಟು ಬಂದು, ತಮಿಳು ಮೇಸ್ತ್ರಿಯೊಬ್ಬರ ಕೈಕೆಳಗೆ ಫ್ರಿಜ್ಜು, ಏಸಿ ರಿಪೇರಿ ಕಲಿತು, ಅದೇ ಮನೆಯನ್ನು ಅಂಗಡಿ ಮಾಡಿಕೊಂಡಿದ್ದರು. ಬೋರ್ಡು ಇರಲಿಲ್ಲ. ಬಾಗಿಲಲ್ಲಿ ಯಾವಾಗಲೂ ಒಂದು ಫ್ರಿಜ್ಜು ನಿಂತಿರುತ್ತಿತ್ತು, ಅದೇ ಬೋರ್ಡು. ಆಟೋದಲ್ಲಿ, ಹಾಲಿನ ಟೆಂಪೋದಲ್ಲಿ, ಒಮ್ಮೆ ಎತ್ತಿನ ಗಾಡಿಯಲ್ಲಿ ಕೂಡ ಫ್ರಿಜ್ಜುಗಳು ಬರುತ್ತಿದ್ದವು, ಹೋಗುತ್ತಿದ್ದವು. ಇನ್ನು ರಿಪೇರಿಯೇ ಆಗದು ಎಂದು ಯಜಮಾನರು ಬಿಟ್ಟುಹೋದವು ಮಾತ್ರ ಹಿತ್ತಲಲ್ಲಿ ಉಳಿದು ನಮ್ಮ ಬೀರುಗಳಾದವು. ಒಂದರಲ್ಲಿ ರಾಗಿಹಿಟ್ಟು, ಒಂದರಲ್ಲಿ ಹಾಸಿಗೆ ಹೊದಿಕೆ. ಅಜ್ಜಿಯ ಅಡಿಕೆ ಹೋಳುಗಳು ಮೊಟ್ಟೆ ಇಡುವ ಗುಳಿಗಳಲ್ಲಿ ಒಂದೊಂದಾಗಿ ಕೂತಿರುತ್ತಿದ್ದವು. ನನ್ನ ಕಾಲೇಜಿನ ಪುಸ್ತಕಗಳು ಇದ್ದದ್ದು ತರಕಾರಿ ಇಡುವ ಕೆಳಗಿನ ಡಬ್ಬಿಯಲ್ಲಿ. ಈಗಲೂ ಅಕೌಂಟ್ಸ್ ಪುಸ್ತಕ ನೆನೆಸಿಕೊಂಡರೆ ನನಗೆ ಮೂಗಿಗೆ ಬರುವುದು ಹಳೆಯ ರಬ್ಬರಿನ ವಾಸನೆ.

ಓಡುವ ಫ್ರಿಜ್ಜುಗಳೂ ಸುಮ್ಮನೆ ಇರುತ್ತಿರಲಿಲ್ಲ. ರಿಪೇರಿಯಾದದ್ದನ್ನು ಅಪ್ಪ ಒಂದೆರಡು ದಿನ ಓಡಿಸಿ ನೋಡದೆ ಕಳಿಸುತ್ತಿರಲಿಲ್ಲ. ಆ ಒಂದೆರಡು ದಿನ ಬೀದಿಯವರಿಗೆಲ್ಲ ಹಬ್ಬ. ಇಡ್ಲಿ ಹಿಟ್ಟು, ಕನಕಾಂಬರ, ಯಾರದೋ ಮಗುವಿನ ಔಷಧಿ, ಪಕ್ಕದ ಮನೆಯ ಸೆಲ್ವಿ ಅಕ್ಕನ ಮೀನು. ಒಮ್ಮೆ ಮೀನಿನ ಪಾತ್ರೆ ಒಳಗಿದ್ದಂತೆಯೇ ಫ್ರಿಜ್ಜು ಹೋಗಿ ಮೊಟ್ಟೆಯನ್ನೂ ಮುಟ್ಟದ ಮನೆಯೊಂದನ್ನು ಸೇರಿ, ಅಪ್ಪ ಅವರ ಅಡುಗೆಮನೆಯನ್ನೆಲ್ಲ ತೊಳೆದುಕೊಟ್ಟು ಬಂದಿದ್ದರು. ಚಳಿಗಾಲದಲ್ಲಿ ಅಮ್ಮ ಮೊಸರಿಗೆ ಹೆಪ್ಪು ಹಾಕಿ ಓಡುವ ಫ್ರಿಜ್ಜಿನ ಹಿಂಬದಿ, ಬೆಚ್ಚಗಿರುವ ಕಂಪ್ರೆಸರಿನ ತಲೆಯ ಮೇಲೆ ಇಡುತ್ತಿದ್ದಳು. ಗಟ್ಟಿ ಮೊಸರು. ಅಪ್ಪ ಮರೆತು ಫ್ರಿಜ್ಜನ್ನು ಎಳೆದರೆ ನೆಲವೆಲ್ಲ ಮೊಸರು, ಮನೆಯೆಲ್ಲ ಜಗಳ.

ಜಗಳಕ್ಕೆ ನಮ್ಮಲ್ಲಿ ಬೇರೆ ಕಾರಣ ಬೇಕಿರಲಿಲ್ಲ, ಕರೆಂಟು ಸಾಕಿತ್ತು. ಪೈಪಿನೊಳಗಿನ ಗಾಳಿ, ತೇವ ಎಳೆದುಹಾಕಲು ಅಪ್ಪ ವ್ಯಾಕ್ಯೂಮ್ ಪಂಪು ಹಚ್ಚಿದರೆ ಅದು ಮುಗಿಯುವ ತನಕ ಅಮ್ಮ ಮಿಕ್ಸಿ ಹಾಕುವಂತಿಲ್ಲ. ಎರಡೂ ಓಡಿದರೆ ಫ್ಯೂಸು ಹೋಗುತ್ತಿತ್ತು. ಅಮ್ಮ ಕಾಯಿತುರಿ ಹಿಡಿದುಕೊಂಡು ಅಡುಗೆಮನೆಗೂ ಹಿತ್ತಲಿಗೂ ತಿರುಗುತ್ತಿದ್ದಳು.

"ಆಯ್ತಾ ನಿಮ್ಮ ಪಂಪು? ಮುದ್ದೆ ಆರಿ ಕಲ್ಲಾಯ್ತು."

"ಇನ್ನೊಂಚೂರು ತಡಿಯೇ. ಈಗ ನಿಲ್ಸಿದ್ರೆ ಎಲ್ಲಾ ದಂಡ."

"ನನ್ನ ಚಟ್ನೀಗೂ ಗ್ಯಾಸ್ ತುಂಬ್ಸಿಕೊಡಿ, ಅಂಗೇ ತಿಂತೀರಂತೆ!"

ಇಂಥ ಮನೆಯಲ್ಲಿ ಪುಸ್ತಕ ಬಿಡಿಸಿದರೆ ಒಂದು ಪುಟ ಮುಗಿಯುವುದರೊಳಗೆ ಯಾರಾದರೂ ಕರೆಯುತ್ತಿದ್ದರು. ಪಾನಾ ಕೊಡು, ಟಾರ್ಚು ಹಿಡಿ, ಸೋಪಿನ ನೊರೆ ಕಲಸು, ಬಾಗಿಲಲ್ಲಿ ಯಾರೋ ಬಂದವರೆ ನೋಡು. ನಾನು ಮುಂದಿನ ಕೋಣೆಯಿಂದ ನಡುವಿನ ಕೋಣೆಗೆ, ಅಲ್ಲಿಂದ ಸೆಲ್ವಿ ಅಕ್ಕನ ಜಗಲಿಗೆ ಪುಸ್ತಕ ಹೊತ್ತು ಅಲೆಯುತ್ತಿದ್ದೆ. ಅತ್ತೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ ಎಂಬುದೇ ನನ್ನ ಸಂಕಟ. ನನ್ನ ಕಾಲೂ ಆ ಮನೆಯ ಕಾಲೇ. ಯಾರೂ ಕರೆಯದಿದ್ದರೂ ನಾನೇ ಎದ್ದು ಹೋಗಿ ಗೇಜಿನ ಮುಳ್ಳು ಎಲ್ಲಿಗೆ ಬಂತು ಎಂದು ನೋಡಿಬರುತ್ತಿದ್ದೆ.

ನನ್ನನ್ನು ಕೂರಿಸಿದ್ದು ಐಸ್ ಪೆಟ್ಟಿಗೆ.

ಬಸ್ ಸ್ಟ್ಯಾಂಡಿನ ಹತ್ತಿರ ಶಾಮಿಯಾನ ಬಾಡಿಗೆಗೆ ಕೊಡುವವರೊಬ್ಬರು ಹೆಣ ಇಡುವ ತಣ್ಣನೆಯ ಪೆಟ್ಟಿಗೆಗಳನ್ನೂ ಇಟ್ಟಿದ್ದರು. ಕೆಳಗೆ ಕಂಪ್ರೆಸರು, ಮೇಲೆ ಗಾಜಿನ ಮುಚ್ಚಳ. ದೂರದ ಊರಿನಿಂದ ಮಕ್ಕಳು ಬರುವ ತನಕ ದೇಹ ಕೆಡದಂತೆ ಕಾಯುವ ಪೆಟ್ಟಿಗೆ. ಬೇರೆ ಮೆಕ್ಯಾನಿಕ್‌ಗಳು ಅದನ್ನು ಮುಟ್ಟುತ್ತಿರಲಿಲ್ಲ. ಅಪ್ಪ ಮುಟ್ಟುತ್ತಿದ್ದರು. ಅದು ಮೊದಲ ಸಲ ಮನೆಗೆ ಬಂದಾಗ ಅಜ್ಜಿ ಬಾಗಿಲಿಗೆ ಅಡ್ಡ ಕೈ ಇಟ್ಟು ನಿಂತಳು.

"ಲೇ ನಾರಾಯಣ, ಅದು ಒಳಗೆ ಬಂದ್ರೆ ನಾನು ಈಚೆಗೆ ಓಗ್ತೀನಿ."

"ಖಾಲಿ ಪೆಟ್ಟಿಗೆ ಕಣಮ್ಮಾ. ಅದೂ ಒಂದು ಫ್ರಿಜ್ಜೇ."

"ಫ್ರಿಜ್ಜಂತೆ! ಅದ್ರಾಗೆ ಮಲಗಿದ್ದೋರ್ನ ಕೇಳು, ಏಳ್ತಾರೆ ಫ್ರಿಜ್ಜೋ ಏನೋ ಅಂತ."

ರಾಜಿಯಾಯಿತು. ಪೆಟ್ಟಿಗೆ ಪಕ್ಕದ ಸಂದಿಯಿಂದ ನೇರ ಹಿತ್ತಲಿಗೆ ಬರಬೇಕು, ಹೊಸ್ತಿಲು ದಾಟಕೂಡದು. ಅದನ್ನು ಮುಟ್ಟಿದವರು ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ಅಂದಿನಿಂದ ಪೆಟ್ಟಿಗೆ ಬಂದ ದಿನ ಹಿತ್ತಲಿಗೆ ಯಾರೂ ಕಾಲಿಡುತ್ತಿರಲಿಲ್ಲ. ಅಮ್ಮ ಪಾತ್ರೆಯನ್ನು ಬೀದಿ ನಲ್ಲಿಯಲ್ಲೇ ಬೆಳಗುತ್ತಿದ್ದಳು. ಸೆಲ್ವಿ ಅಕ್ಕ ಗೋಡೆಯಾಚೆಯಿಂದಲೂ ಇಣುಕುತ್ತಿರಲಿಲ್ಲ. ರಿಪೇರಿಯಾದ ಪೆಟ್ಟಿಗೆ ಸರಿಯಾಗಿ ತಣ್ಣಗಾಗುತ್ತಿದೆಯೇ ಎಂದು ಹತ್ತಿರ ಕೂತು ನೋಡಲು ಒಬ್ಬರು ಬೇಕಿತ್ತು. ನಾನು ಕೂರುತ್ತೇನೆ ಎಂದೆ.

ಬಿಸಿಲುಗಾಲದ ತಗಡಿನ ಕೆಳಗೆ, ಸ್ಟೂಲು ಹಾಕಿಕೊಂಡು, ಆ ಗಾಜಿನ ಮೇಲೆ ಪುಸ್ತಕ ಹರವಿ ಮೊಣಕೈ ಊರಿದರೆ ಹಾಯ್ ಎನ್ನುವಂತೆ ತಂಪು. ಕರೆಯುವವರಿಲ್ಲ, ಕೇಳುವವರಿಲ್ಲ. ನನ್ನ ಬಿಕಾಂನ ಮುಕ್ಕಾಲು ಭಾಗ ನಾನು ಓದಿದ್ದು ಹಾಗೆ. ಭಯವಾಗಲಿಲ್ಲವೇ ಎಂದು ಜನ ಈಗಲೂ ಕೇಳುತ್ತಾರೆ. ನನಗೆ ಭಯವಿದ್ದದ್ದು ಬಂಗಾರಪೇಟೆಯ ಹಸುಗಳದ್ದು. ಬೇರೆಯವರು ಪೆಟ್ಟಿಗೆ ಕೆಟ್ಟಿತು ಎಂದರೆ ಅಯ್ಯೋ ಎನ್ನುತ್ತಾರೆ. ನಾನು ಪರೀಕ್ಷೆ ಹತ್ತಿರವಿದ್ದಾಗ ಪೆಟ್ಟಿಗೆ ಯಾವಾಗ ಕೆಡುತ್ತದೋ ಎಂದು ಕಾಯುತ್ತಿದ್ದೆ. ಓದುತ್ತಾ ಓದುತ್ತಾ ಕಂಪ್ರೆಸರಿನ ದನಿ ಕಿವಿಗೆ ಹತ್ತಿತು. ಸರಿಯಿದ್ದಾಗ ಒಂದು ದನಿ, ಗ್ಯಾಸು ಇಳಿದಾಗ ಇನ್ನೊಂದು, ಬಿಸಿಯೇರಿ ನಿಲ್ಲುವ ಮೊದಲು ಗಂಟಲು ಕಟ್ಟಿದ ಹಾಗೆ ಮತ್ತೊಂದು. ದನಿ ಬದಲಾದರೆ ಪುಸ್ತಕ ಮಗುಚಿಟ್ಟು ಅಪ್ಪನನ್ನು ಕೂಗುತ್ತಿದ್ದೆ. ಆಮೇಲಾಮೇಲೆ ಕೂಗುವುದನ್ನು ಬಿಟ್ಟು ನಾನೇ ಪಾನಾ ಹಿಡಿದೆ. ಪೈಪು ಬೆಸೆಯುವುದು, ನೊರೆ ಹಚ್ಚಿ ಸೋರುವ ಜಾಗ ಹುಡುಕುವುದು, ಗ್ಯಾಸು ತುಂಬುವುದು ಎಲ್ಲ ಆ ಸ್ಟೂಲಿನ ಸುತ್ತಲೇ ಬಂತು. ಇವತ್ತು ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದೇ ಏಸಿ ಸರ್ವಿಸ್ ಇದೆ. ಡಿಗ್ರಿ ಮಾಡಿದವಳು ಪಾನಾ ಯಾಕೆ ಹಿಡಿದೆ ಎಂದು ಕೇಳುವವರಿದ್ದಾರೆ. ಎರಡನ್ನೂ ಒಂದೇ ಜಾಗದಲ್ಲಿ ಕಲಿತೆ, ಒಂದನ್ನು ಬಿಡು ಎಂದರೆ ಯಾವುದನ್ನು ಬಿಡಲಿ?

ಕೊನೆಯ ವರ್ಷದ ಪರೀಕ್ಷೆ ಬೇಸಿಗೆಯಲ್ಲೇ ಬಂತು. ಅದೇ ಹೊತ್ತಿಗೆ ಅಪ್ಪ ಬಟ್ಟೆ ಅಂಗಡಿಯೊಂದರ ಗೋಡೆಗೆ ಏಸಿ ಕೂರಿಸಲು ಹೋಗಿ ಏಣಿಯಿಂದ ಜಾರಿ ಬಲಗೈ ಮುರಿದುಕೊಂಡರು. ಪ್ಲಾಸ್ಟರು ಹಾಕಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಪಂಜರದಲ್ಲಿಟ್ಟವರ ಹಾಗೆ ಮೂರು ಕೋಣೆ ಅಳೆಯುತ್ತಿದ್ದರು. ಉಳಿದ ಪೇಪರೆಲ್ಲ ಮುಗಿದು ಕಾಸ್ಟ್ ಅಕೌಂಟಿಂಗ್ ಒಂದು ಬಾಕಿ, ಅದು ಮಧ್ಯಾಹ್ನಕ್ಕೆ. ಬೆಳಿಗ್ಗೆ ಶಾಮಿಯಾನದವರ ಫೋನು ಬಂತು. ಬೇತಮಂಗಲದಲ್ಲಿ ಹಿರಿಯ ಮೇಷ್ಟ್ರೊಬ್ಬರು ತೀರಿಕೊಂಡಿದ್ದಾರೆ, ಮಗಳು ದೂರದಿಂದ ಬರುವುದು ಸಂಜೆಗೆ, ಪೆಟ್ಟಿಗೆ ನಿಂತುಹೋಗಿದೆ.

ಅಪ್ಪ ನನ್ನನ್ನು ಕರೆಯಲಿಲ್ಲ. ಎಡಗೈಯಲ್ಲಿ ಸಾಮಾನಿನ ಚೀಲ ಎತ್ತಲು ನೋಡಿದರು. ಅದು ಏಳಲಿಲ್ಲ. ಮತ್ತೆ ಎತ್ತಿದರು. ನಾನು ಹೋಗಿ ಚೀಲ ಹಿಡಿದೆ.

"ಬ್ಯಾಡಮ್ಮಾ, ಪರೀಕ್ಷೆ ಅದೆ," ಎಂದರು.

"ಮಧ್ಯಾಹ್ನಕ್ಕಲ್ವಾ. ಬನ್ನಿ, ಬಸ್ಸು ಸಿಗ್ತದೆ."

"ಅಲ್ಲಿ ಹೆಂಗಿರ್ತದೋ ಏನೋ. ತಡ ಆದ್ರೆ?"

ತಡವಾದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಹಾಲ್ ಟಿಕೆಟ್ಟು, ಪೆನ್ನು, ನೋಟ್ಸು ಅದೇ ಚೀಲಕ್ಕೆ ತುರುಕಿದೆ. ಅಮ್ಮ ಬಾಯಿ ತೆರೆಯುವುದರೊಳಗೆ ನಾವು ಬೀದಿಯಲ್ಲಿದ್ದೆವು.

ಬೇತಮಂಗಲದ ಆ ಮನೆಯ ಅಂಗಳದಲ್ಲಿ ಊರಿಗೆ ಊರೇ ನಿಂತಿತ್ತು. ಮೇಷ್ಟ್ರ ತಮ್ಮ, ಬಿಳಿ ಮೀಸೆಯ ದೊಡ್ಡ ಆಳು, ನನ್ನ ಕೈಯ ಚೀಲವನ್ನೂ ಅಪ್ಪನ ಪ್ಲಾಸ್ಟರನ್ನೂ ನೋಡಿದರು.

"ಎವರಮ್ಮಾ ನುವ್ವು? ಯಾರು ನೀನು? ಮೆಕ್ಯಾನಿಕ್ ಎಲ್ಲಿ?"

"ನಾನೇ ಸಾರ್," ಎಂದೆ.

ಗಾಜಿಗೆ ಮಂಜು ಕಟ್ಟಿ ಮೇಷ್ಟ್ರ ಮುಖ ಮಸುಕಾಗಿತ್ತು. ಕಾಲಿನ ಕಡೆ ಬಗ್ಗಿ ನೋಡಿದರೆ ಪೆಟ್ಟಿಗೆಯ ಜಾಲರಿಯೇ ಕಾಣಲಿಲ್ಲ. ಗಾಳಿ ಎಳೆದುಕೊಳ್ಳಬೇಕಾದ ಆ ಜಾಗಕ್ಕೆ ಸೊಂಟದೆತ್ತರ ಹೂವಿನ ಹಾರಗಳು ಒಟ್ಟಿದ್ದವು. ಬಂದವರೆಲ್ಲ ಕಾಲಿಗೆ ನಮಸ್ಕರಿಸಿ ಕಾಲ ಬಳಿಯೇ ಹಾರ ಇಟ್ಟಿದ್ದರು. ಈ ಕೆಲಸದಲ್ಲಿ ಇದು ಮಾಮೂಲು. ಜನ ಯಾರನ್ನು ಹೆಚ್ಚು ಗೌರವಿಸುತ್ತಾರೋ ಅವರ ಪೆಟ್ಟಿಗೆ ಬೇಗ ಉಸಿರು ಕಟ್ಟಿ ನಿಲ್ಲುತ್ತದೆ. ನಾನು ಒಂದು ಹಾರಕ್ಕೆ ಕೈ ಹಾಕಿದೆ.

"ಹಾಕಿದ ಮಾಲೆ ತೆಗಿಯಂಗಿಲ್ಲ!" ಎಂದರು ಮೀಸೆಯವರು.

"ತೆಗಿದೇ ಇದ್ರೆ ಓಡಲ್ಲ ಸಾರ್. ಗಾಳಿ ಬೇಕು ಅದಕ್ಕೆ."

"ಮೊದ್ಲು ಯಾರ ಮಾಲೆ ತೆಗೀತೀಯ ಏಳು. ಅದು ಮೇಲಿನ ಬೀದಿಯೋರ್ದು, ಇದು ಕೆಳಗಿನ ಬೀದಿಯೋರ್ದು. ಯಾರದ್ದಕ್ಕೆ ಕೈ ಇಟ್ರೂ ಇಲ್ಲೇ ಒಡೆದಾಟ ಆಗ್ತದೆ."

"ನಮ್ಮ ಮಾಲೆ ಮುಟ್ಟಿ ನೋಡಲಿ," ಎಂದಿತು ಹಿಂದಿನಿಂದ ಒಂದು ದನಿ. "ನಿಮ್ಮದೇನು ಬಂಗಾರದ್ದಾ?" ಎಂದಿತು ಇನ್ನೊಂದು. ಅಪ್ಪ ನನ್ನ ಕಡೆ ನೋಡಿದರು. ಬಿಸಿಲು ಏರುತ್ತಿತ್ತು. ಗಾಜಿನ ಒಳಗೆ ಏನಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ನನಗೆ ಕಾಸ್ಟ್ ಅಕೌಂಟಿಂಗ್‌ನ ಒಂದು ಸೂತ್ರವೂ ನೆನಪಿಗೆ ಬರುತ್ತಿರಲಿಲ್ಲ.

"ತೆಗಿಯೋದು ಬೇಡ ಸಾರ್," ಎಂದೆ. "ಒಂದು ಹಗ್ಗ ಕೊಡಿ. ಮೇಷ್ಟ್ರ ತಲೆ ಮೇಲೆ ಈ ಕಂಬದಿಂದ ಆ ಕಂಬಕ್ಕೆ ಕಟ್ತೀನಿ. ಯಾರ ಮಾಲೆ ಅವರೇ ತಗೊಂಡು ಹಗ್ಗಕ್ಕೆ ಹಾಕ್ಲಿ. ಕಾಲ ಹತ್ರ ಬಿದ್ದಿರೋದಕ್ಕಿಂತ ಮೇಲಿದ್ರೆ ಬರೋರಿಗೆಲ್ಲ ಕಾಣ್ತದೆ."

ಕಾಣುತ್ತದೆ ಎಂಬುದು ಕೆಲಸ ಮಾಡಿತು. ನಮ್ಮದು ಮುಖದ ನೇರಕ್ಕೆ ಬರಲಿ ಎಂದು ಎರಡೂ ಬೀದಿಯವರು ನಾ ಮುಂದು ತಾ ಮುಂದು ಎಂದು ಹಾರ ಎತ್ತಿದರು. ಜಾಲರಿ ಬಿಚ್ಚಿದೆ. ಒಳಗೆಲ್ಲ ಚೆಂಡುಹೂವಿನ ಎಸಳು, ಅಕ್ಕಿಕಾಳು, ಊದಿನಕಡ್ಡಿಯ ಬೂದಿ. ಫ್ಯಾನಿಗೆ ಹಾರದ ಬಾಳೆನಾರು ಸುತ್ತಿಕೊಂಡು ಅದು ಅಲುಗದಂತಾಗಿತ್ತು. ನಾರನ್ನು ಕತ್ತರಿಸಿ ಎಳೆದೆ, ಬ್ರಷ್ಷಿನಲ್ಲಿ ಕಸ ಉಜ್ಜಿ ತೆಗೆದೆ. ಫ್ಯಾನು ತಿರುಗಿತು. ಆದರೆ ಕಂಪ್ರೆಸರು ಮುಟ್ಟಿದರೆ ಸುಡುತ್ತಿತ್ತು. ಆ ಬಿಸಿ ಇಳಿಯುವ ತನಕ ಅದು ಯಾರು ಹೇಳಿದರೂ ಹೊರಡುವುದಿಲ್ಲ. ಒದ್ದೆ ಬಟ್ಟೆ ಹಾಕಿದೆ. ಕಾಯುವುದೊಂದೇ ಉಳಿದದ್ದು.

"ನೀನು ಓಗಮ್ಮಾ, ನಾನು ನೋಡ್ಕಂತೀನಿ," ಎಂದು ಅಪ್ಪ ಪಿಸುಗುಟ್ಟಿದರು. ಮತ್ತೇನಾದರೂ ಬಿಚ್ಚಬೇಕಾದರೆ ಎಡಗೈಯಲ್ಲಿ ಅವರೇನು ಮಾಡಿಯಾರು? ನಾನು ಹೋಗಲಿಲ್ಲ. ನಿಲ್ಲಲೂ ಆಗಲಿಲ್ಲ. ಕಂಬದಿಂದ ಕಂಬಕ್ಕೆ ತಿರುಗುತ್ತಾ, ನೋಟ್ಸು ತೆಗೆದು ಕಣ್ಣಾಡಿಸತೊಡಗಿದೆ. ಗೋಡೆಗೆ ಒರಗಿ ಕೂತಿದ್ದ ಮೇಷ್ಟ್ರ ಹೆಂಡತಿ ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಏನಮ್ಮಾ ಅದು ಓದ್ತಿರೋದು?"

"ಪರೀಕ್ಷೆ ಅದೆ ಅಮ್ಮಾ. ಇವತ್ತು. ಮಧ್ಯಾಹ್ನಕ್ಕೆ."

ಆ ಮುದುಕಿ ಗೋಡೆ ಹಿಡಿದು ಎದ್ದು ನಿಂತರು. ದನಿ ಹೇಗೆ ಬಂತೋ, ಅಂಗಳವೇ ತಿರುಗಿ ನೋಡಿತು.

"ಲೇ ರಾಮಚಂದ್ರಾ! ಪರೀಕ್ಷೆ ಮಗೂನ ಇಲ್ಲಿ ನಿಲ್ಸಿಕೊಂಡಿದೀಯಲ್ಲೋ. ನಿಮ್ಮಣ್ಣ ಇದ್ದಿದ್ರೆ ನಿನ್ನ ಬೆನ್ನು ಮುರೀತಿದ್ರು. ಸ್ಕೂಟರ್ ತೆಗಿ!"

ಮೀಸೆಯವರು ಚಿಕ್ಕ ಹುಡುಗನಂತೆ ಬೀಗದ ಕೈ ಹುಡುಕಿದರು. ಅದೇ ಹೊತ್ತಿಗೆ ಪೆಟ್ಟಿಗೆಯ ಅಡಿಯಲ್ಲಿ ಟಕ್ ಎಂದು, ಕಂಪ್ರೆಸರು ಒಮ್ಮೆ ಮೈ ಕೊಡವಿ ಹೊರಟಿತು. ನಾನು ಕಿವಿಯಿಟ್ಟೆ. ಸರಿಯಾದ ದನಿ. ಅಪ್ಪ ಎಡಗೈ ಎತ್ತಿ ಹೋಗು ಹೋಗು ಎಂದರು. ಸಾವಿನ ಮನೆಯಿಂದ ಹಾಗೇ ಕಳಿಸಬಾರದೆಂದು ಮೇಷ್ಟ್ರ ಹೆಂಡತಿ ಯಾರಿಗೋ ಹೇಳಿ, ಬಚ್ಚಲ ಕಲ್ಲಿನ ಮೇಲೆ ನಿಲ್ಲಿಸಿ ನನ್ನ ತಲೆಗೆ ನೀರು ಸುರಿಸಿದರು, ಯಾರದೋ ದೊಗಲೆ ಚೂಡಿದಾರ ತೊಡಿಸಿದರು. ಕೂದಲು ಹಿಂಡುವುದಕ್ಕೂ ಬಿಡುವಿಲ್ಲದೆ ಚೀಲದಿಂದ ಹಾಲ್ ಟಿಕೆಟ್ಟು, ಪೆನ್ನು ಎತ್ತಿಕೊಂಡೆ. ಮೀಸೆಯವರೇ ಸ್ಕೂಟರ್ ಓಡಿಸಿದರು. ಕಾಲೇಜಿನ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿ, "ನಮ್ಮಣ್ಣ ಪೇಪರ್ ಕೊಟ್ಟ ಕೂಡ್ಲೇ ಬರಿಯಾಕೆ ಬಿಡ್ತಿರ್ಲಿಲ್ಲ. ಮೊದ್ಲು ಎಲ್ಲಾ ಓದು ಅಂತಿದ್ರು. ಓದ್ಕೋಮ್ಮಾ," ಎಂದು ಕಣ್ಣೊರೆಸಿಕೊಂಡು ತಿರುಗಿಸಿಕೊಂಡು ಹೋದರು.

ಪ್ರಶ್ನೆಪತ್ರಿಕೆ ಆಗಲೇ ಹಂಚಿಯಾಗಿತ್ತು. ಕೊಠಡಿಯ ಮೇಲ್ವಿಚಾರಕರು ನನ್ನ ತೊಟ್ಟಿಕ್ಕುವ ಕೂದಲು ನೋಡಿದರು.

"ಮಳೇನೇ ಇಲ್ವಲ್ಲಮ್ಮಾ, ಎಲ್ಲಿ ನೆನೆದೆ?"

"ಸಾವಿನ ಮನೆಯಿಂದ ಬಂದೆ ಸಾರ್. ಸ್ನಾನ ಮಾಡಿದೀನಿ."

ಅವರು ಥಟ್ಟನೆ ಹಿಂದೆ ಸರಿದು, ಸರಿ ಸರಿ ಕೂತ್ಕೋ ಎಂದು ಪತ್ರಿಕೆಯನ್ನು ಡೆಸ್ಕಿನ ತುದಿಯಲ್ಲಿಟ್ಟು ಹೋದರು. ಆಮೇಲೆ ಗಂಟೆ ಹೊಡೆಯುವ ತನಕ ನನ್ನ ಸಾಲಿನ ಕಡೆ ಬರಲಿಲ್ಲ. ಪತ್ರಿಕೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಮೊದಮೊದಲು ಕಾಲು ಡೆಸ್ಕಿನಡಿ ಕುಣಿಯುತ್ತಿತ್ತು. ಆಮೇಲೆ ಯಾವಾಗಲೋ ನಿಂತಿತು. ಗಂಟೆ ಹೊಡೆದಾಗ ಬೆನ್ನ ಮೇಲಿನ ಬಟ್ಟೆ ಒಣಗಿತ್ತು.

ಎಲ್ಲ ಸಬ್ಜೆಕ್ಟೂ ಪಾಸಾಯಿತು. ಕಾಸ್ಟ್ ಅಕೌಂಟಿಂಗ್‌ನಲ್ಲಿ ಅಂಚಿನಲ್ಲಿ ಪಾಸು, ಪಾಸು ಪಾಸೇ. ಬಂಗಾರಪೇಟೆಗೆ ಫೋನು ಮಾಡಿದ್ದು ಅಮ್ಮ. ಏನು ಹೇಳಿದಳೋ, ನಗುತ್ತಾ ಹೇಳಿದಳು.

ಸರ್ಟಿಫಿಕೇಟು ಬರುವಷ್ಟರಲ್ಲಿ ಅಪ್ಪನ ಕೈ ಕೂಡಿ ಬಹಳ ದಿನವಾಗಿತ್ತು. ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರು ರುಜು ಹಾಕಿಸಿಕೊಂಡು, ಮಡಿಸಬೇಡ ಎಂದು ಹೇಳಿ ಕೊಟ್ಟರು. ಎದೆಗೆ ಅಡ್ಡ ಹಿಡಿದುಕೊಂಡು ಮಾರ್ಕೆಟ್ಟಿನ ನಡುವಿನಿಂದಲೇ ನಡೆದುಬಂದೆ. ಸುತ್ತಿನ ದಾರಿ, ಆದರೆ ಅಲ್ಲಿ ಜನ ಜಾಸ್ತಿ. ಮನೆಯಲ್ಲಿ ಅಪ್ಪ ಕೈಯನ್ನು ಲುಂಗಿಗೆ ಒರೆಸಿಕೊಂಡರು, ಮುಟ್ಟಲಿಲ್ಲ, ಗ್ರೀಸು ಅಂಟುತ್ತದೆ ಎಂದರು. ಅಮ್ಮ ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅಲ್ಲಿ ಬೆರಳಾಡಿಸಿ, ಸಾರು ಉಕ್ಕಿತೆಂದು ಒಳಗೆ ಓಡಿದಳು. ಅಜ್ಜಿ ಮಾತ್ರ ಕೈ ಚಾಚಿದಳು. ನಾನು ಕೊಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು, ಸೀರೆ ಅಂಗಡಿಯಲ್ಲಿ ಸೆರಗು ಹಿಡಿದು ನೋಡುವ ಹಾಗೆ ಅಂಚನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದಳು.

"ಇಷ್ಟೇನಾ? ತೀರಾ ತೆಳ್ಳುಗದಲ್ಲೇ, ಗಾಳಿಗೆ ಆರೋಗ್ತದೆ. ಓಗು, ಇನ್ನೊಂದ್ ತಕ್ಕಂಬಾ."